ಅಪ್ಪಯ್ಯನ ಮೂಗು, ಸೌತೆಕಾಯಿ ಹುಳಿ

ಅಪ್ಪಯ್ಯ ಅಡುಗೆಯ ರುಚಿ ನೋಡಿದ್ದನ್ನು ನಾನು ಕಂಡಿಲ್ಲ. ಕುಂದಾಪುರದ ಕಡೆಯಿಂದ ಬಂದು ವಡಾಲದ ಒಂದು ಹೋಟೆಲಿನಲ್ಲಿ ಆಯುಷ್ಯವೆಲ್ಲ ಹುಳಿ, ಸಾರು ಕುದಿಸಿದವರು ಅವರು. ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟದೆದುರು ಮೊದಲ ಸೌಟು ಇಡುವ ತನಕ ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ, ಮುಟ್ಟಿಸಿದರೆ ಎಂಜಲು. ಹಾಗಾಗಿ ಪಾತ್ರೆಯ ಮೇಲೆ ಬಾಗಿ, ಅಂಗೈಯಿಂದ ಹಬೆಯನ್ನು ಮೂಗಿನತ್ತ ಎಳೆದುಕೊಂಡು, "ಉಪ್ಪ್ ಸಾಲ" ಎನ್ನುತ್ತಿದ್ದರು. ಹಳೆಯ ಜೊತೆಗಾರರು ಅವರ ಮೂಗನ್ನು ಈಗಲೂ ಹೊಗಳುತ್ತಾರೆ. ನಮ್ಮ ಜನರ ಹೊಗಳಿಕೆಗೆ ಒಗ್ಗರಣೆ ಸ್ವಲ್ಪ ಜಾಸ್ತಿಯೇ, ಆದರೆ ಇದು ಮಾತ್ರ ನಿಜ.

ಹೋದ ವರ್ಷ ಅವರ ಬಲಗೈ ನಡುಗತೊಡಗಿತು. ಕಾಂದಿವಲಿಯ ಡಾಕ್ಟರು ಪರೀಕ್ಷೆ ಮಾಡಿ, ಈ ನಡುಕದ ಕಾಯಿಲೆಯಲ್ಲಿ ಕೈಗಿಂತ ಮೊದಲೇ ಮೂಗು ಹೋಗುವುದೂ ಉಂಟು ಎಂದರು. ಒಂದು ಡಬ್ಬಿಯ ಮುಚ್ಚಳ ತೆಗೆದು ಅಪ್ಪಯ್ಯನ ಮೂಗಿನ ಹತ್ತಿರ ಹಿಡಿದರು. ಅಪ್ಪಯ್ಯ ಥಟ್ಟನೆ "ಕಾಫಿ" ಎಂದರು. ಡಾಕ್ಟರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಅಪ್ಪಯ್ಯನ ಕಣ್ಣು ಮೊದಲು ಡಬ್ಬಿಯೊಳಗೆ ಇಣುಕಿದ್ದನ್ನು ನಾನು ನೋಡಿದ್ದೆ.

ಅವತ್ತಿನಿಂದ ದಹಿಸರದ ನಮ್ಮ ಎರಡು ಕೋಣೆಯ ಮನೆಯಲ್ಲಿ ನನ್ನ ತಲೆಯೊಳಗೆ ಅದೊಂದೇ. ಇವರಿಗೆ ವಾಸನೆ ಬರುತ್ತದೆಯೋ ಇಲ್ಲವೋ? ಬಾಯಿಬಿಟ್ಟು ಕೇಳಲು ಧೈರ್ಯವಿಲ್ಲ. ಹಾಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅವರು ಪಂಚೆ ಮೇಲೆ ಕಟ್ಟಿಕೊಂಡು ಅಡುಗೆಮನೆಗೆ ನಡೆದರು.

"ಇವತ್ತ್ ಸೌತೆಕಾಯಿ ಹುಳಿ ನಾನ್ ಮಾಡ್ತೆ."

ನಾನು ಬಾಗಿಲಲ್ಲಿ ನಿಂತೆ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಹೋಳು ಹೆಚ್ಚಿದರು.

"ನೀ ಎಂತಕ್ಕೆ ಹವಾಲ್ದಾರ್ ಕಣಗೆ ನಿಂತಿದ್ದೆ? ಹೋಯಿ ಹೊರ್ಗ್ ಕೂಕೊ."

"ಬನ್ನಿ ನೀವು," ಎಂದಳು ಹಾಲ್‌ನಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ. "ಮಾವ ಅಷ್ಟು ಜನಕ್ಕೆ ಮಾಡಿದವರು, ಮೂರು ಜನಕ್ಕೆ ಮಾಡ್ಲಿಕ್ಕೆ ಟೆನ್ಶನ್ ಯಾಕೆ?"

ಹೊರಗೆ ಬಂದು ಪೇಪರ್ ಹಿಡಿದೆ. ಹುಳಿ ಕುದಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತಿತು. ಅದನ್ನು ನಾನು ಗಮನಿಸಿದ್ದು ವಾಸನೆ ಬಂದ ಮೇಲೆ. ಹೆಂಡತಿ ಮಡಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಒಳಗೆ ಓಡಿದೆ. ಹುಳಿ ಉಕ್ಕಿ ಒಲೆ ಆರಿಹೋಗಿತ್ತು. ಗ್ಯಾಸು ಸುಂಯ್ ಎನ್ನುತ್ತಿತ್ತು. ಅದರ ಪಕ್ಕದಲ್ಲೇ ಅಪ್ಪಯ್ಯ, ಇನ್ನೊಂದು ಒಲೆಯ ಮೇಲೆ ಒಗ್ಗರಣೆ ಸೌಟು ಇಟ್ಟು, ಅದನ್ನು ಹೊತ್ತಿಸಲು ಲೈಟರ್ ಎತ್ತಿದ್ದರು. ಅದೂ ಬಲಗೈಯಲ್ಲಿ. ಹೆಬ್ಬೆರಳು ಲೈಟರಿನ ತಲೆಯ ಮೇಲೆ ನಡುಗುತ್ತಿತ್ತು. ಅವರು ಒತ್ತಬೇಕೆಂದೇ ಇರಲಿಲ್ಲ, ನಡುಕವೇ ಒತ್ತಿಬಿಡಬಹುದಿತ್ತು.

ಕೂಗಿದರೆ ಬೆಚ್ಚುತ್ತಾರೆ. ಮೆಲ್ಲಗೆ ಹೇಳಿದೆ, "ಅಪ್ಪಯ್ಯ, ಅದನ್ನ ನಂಗೆ ಕೊಡಿ."

"ಎಂತಕ್ಕೆ?"

ಲೈಟರನ್ನೂ ಅವರ ಬೆರಳನ್ನೂ ಸೇರಿಸಿ ಹಿಡಿದೆ. ಆ ನಡುಕ ನನ್ನ ಮೊಣಕೈವರೆಗೆ ಹತ್ತಿತು. ಒಲೆಯ ಕಿವಿ ತಿರುಗಿಸಿ ಬಂದ್ ಮಾಡಿದೆ. ಹೆಂಡತಿ ಕಿಟಕಿಗಳನ್ನೆಲ್ಲ ತೆರೆದು, ಫ್ಯಾನಿನ ಸ್ವಿಚ್ಚಿಗೆ ಹೋದ ಕೈಯನ್ನು ಕಿಡಿ ಹಾರೀತೆಂದು ಹಿಂದೆಗೆದುಕೊಂಡಳು.

"ಗ್ಯಾಸ್ ಹೋಗ್ತಾ ಇತ್ತು, ಅಪ್ಪಯ್ಯ."

ಅವರು ಗಾಳಿಯನ್ನು ಮೂಸಿದರು. ಎರಡು ಸಲ, ಮೂರು ಸಲ. ಆಮೇಲೆ ಆರಿದ ಒಲೆ ನೋಡಿ, "ಹಾಂ, ನಂಗೂ ಗೊತ್ತಾಯ್ತ್," ಎಂದರು. ಕಾಫಿ ಎಂದಂತೆಯೇ ಅಂದರು.

ಮನೆಯ ಗಾಳಿ ತಿಳಿಯಾಗಲು ಅರ್ಧ ಗಂಟೆ ಬಿಟ್ಟೆವು. ಆಮೇಲೆ ಒಲೆ ಹೊತ್ತಿಸಿದ್ದು ನಾನು. ಅಪ್ಪಯ್ಯ ಇಂಗಿನ ಒಗ್ಗರಣೆ ಹಾಕಿ, ಬಾಗಿ, ಹಬೆಯನ್ನು ಅಂಗೈಯಿಂದ ಎಳೆದುಕೊಂಡರು. "ಉಪ್ಪ್ ಸಮ ಇತ್ತ್" ಎಂದರು. ದೇವರ ಮುಂದೆ ಸೌಟು ಇಟ್ಟು ಬಂದು ನಮಗೆ ಬಡಿಸಿದರು.

ಹುಳಿಯಲ್ಲಿ ಉಪ್ಪು ಸರಿಯಾಗಿತ್ತು. ಖಾರ, ಬೆಲ್ಲ, ಯಾವುದೂ ಒಂದು ಕಾಳು ಆಚೀಚೆ ಇಲ್ಲ. ಕೈ ಎಷ್ಟು ನಡುಗಿದರೂ ಅಳತೆ ಮರೆತಿರಲಿಲ್ಲ. ಉಪ್ಪು ಕೆಟ್ಟಿದ್ದರೆ ಇನ್ನು ಸಾಕು ಎನ್ನಲು ಒಂದು ನೆಪವಾದರೂ ಸಿಗುತ್ತಿತ್ತು. ಇಷ್ಟು ಚೆನ್ನಾಗಿ ಮಾಡುವವರನ್ನು ಒಲೆಯಿಂದ ಎಬ್ಬಿಸುವುದು ಹೇಗೆ?

ಅಪ್ಪಯ್ಯ ಉಣ್ಣದೆ ನಮ್ಮನ್ನೇ ನೋಡುತ್ತಿದ್ದರು. ನಂತರ ಬಟ್ಟಲಿನ ಕಡೆ ಕಣ್ಣು ಹಾಕಿ, "ಇಂಗಿನ ಪರಿಮಳ ಬತ್ತಾ ಇತ್ತಾ?" ಎಂದು ಕೇಳಿದರು.

ಜೀವಮಾನದಲ್ಲಿ ಅವರು ಹಾಗೆ ಇನ್ನೊಬ್ಬರನ್ನು ಕೇಳಿದವರಲ್ಲ.

"ಬರ್ತಾ ಉಂಟು ಮಾವ," ಎಂದಳು ಹೆಂಡತಿ. "ಎದುರು ಮನೆ ಗುಜರಾತಿ ಬೆನ್ ಈಗ ಬಟ್ಟಲು ಹಿಡ್ಕೊಂಡು ಬರ್ತಾರೆ ನೋಡಿ."

ಅವರು ನಕ್ಕು ಅನ್ನ ಕಲೆಸಿಕೊಂಡರು.

ಮರುದಿನ ನಾವಿಬ್ಬರೂ ಕೆಲಸಕ್ಕೆ ಹೊರಡುವಾಗ ಗೋಡೆಯಲ್ಲಿರುವ ಗ್ಯಾಸಿನ ಮೇನ್ ವಾಲ್ವ್ ಮುಚ್ಚಿದೆ, ಅಪ್ಪಯ್ಯನಿಗೆ ಕಾಣದಂತೆ. ಲೋಕಲ್ ರೈಲು ಬೋರಿವಲಿ ದಾಟುವಷ್ಟರಲ್ಲಿ ಮುಚ್ಚಿದೆನೋ ಇಲ್ಲವೋ ಎಂಬ ಅನುಮಾನ ಶುರುವಾಯಿತು. ಮಲಾಡಿನ ಹೊತ್ತಿಗೆ ಜನರ ನಡುವೆ ಹೇಗೋ ಫೋನ್ ತೆಗೆದು ಮನೆಗೆ ಕರೆ ಮಾಡಿದೆ.

"ಅಪ್ಪಯ್ಯ, ಎಂತ ಮಾಡ್ತಿದ್ರಿ?"

"ಎಂತ ಇಲ್ಲೆ. ಬಾಲ್ಕನಿಯಂಗೆ ಕೂಕಂಡಿದ್ದೆ." ನಾನು ಕೇಳುವ ಮೊದಲೇ ಮುಂದುವರಿಸಿದರು. "ಗೋಡಿ ವಾಲ್ವ್ ಮುಚ್ಚಿತ್ತ್. ಎರಡ್ ಸಲ ಹೋಯಿ ಕಂಡೆ. ಕಿಟ್ಕಿನೂ ಎಲ್ಲ ನಾನೇ ತೆಗ್ದ್ ಇಟ್ಟಿದ್ದೆ. ನೀ ಸಮಾ ಹಿಡ್ಕಂಡ್ ನಿಂತ್ಕೊ."