ರುಚಿ ನೋಡಿ ಹಾಸುವ ಮಾಳಿಗೆ

ಬೆಳಗಿನ ಐದೂವರೆ. ಗುರುಗುಂಟಾ ಊರಾಚೆಯ ಬಂಜರಿನಲ್ಲಿ ಮುನ್ನಿಬೀ ಕುಕ್ಕರುಗಾಲಲ್ಲಿ ಕೂತು ಮಣ್ಣು ತಿನ್ನುತ್ತಿದ್ದಾರೆ. ಗಾಬರಿ ಬೇಡ, ನುಂಗುವುದಿಲ್ಲ. ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಥೂ ಎಂದು ಉಗುಳಿ, ನಾಲ್ಕು ಹೆಜ್ಜೆ ಸರಿದು ಇನ್ನೊಂದು ಚಿಟಿಕೆ ಎತ್ತಿಕೊಳ್ಳುತ್ತಾರೆ. ಐದನೆಯ ಸಲ ಮುಖ ಅರಳುತ್ತದೆ. "ಇದು ನೋಡ್ರಿ ಸವಳು ಮಣ್ಣು. ಉಪ್ಪು ಹತ್ತಬೇಕು, ನಾಲಿಗಿ ಚುರ್ ಅನ್ನಬೇಕು. ಇದರಾಗ ಹುಲ್ಲು ಹುಟ್ಟಂಗಿಲ್ಲ, ನೀರು ಇಳಿಯಂಗಿಲ್ಲ."

ಐವತ್ತಾರರ ಈ ತಾಯಿಯ ಕಸುಬು ಮಾಳಿಗೆಗೆ ಮಣ್ಣು ಹಾಕುವುದು. ಬಂಡೆ ಹಾಸಿದ ಚಾವಣಿಯ ಮೇಲೆ ಗೇಣು ದಪ್ಪ ಮಣ್ಣು ಹರಡಿ, ನೀರು ಚಿಮುಕಿಸಿ, ಮರದ ಬಡಿಗೆಯಿಂದ ಬಡಿದು, ಮೇಲೆ ಸವಳು ಮಣ್ಣಿನ ಹೊದಿಕೆ ಕೊಡುತ್ತಾರೆ. ಒಂದು ಚೀಲ ಸಿಮೆಂಟೂ ಬೇಡ. ದಿನಕ್ಕೆ ನೂರಿಪ್ಪತ್ತು ಪುಟ್ಟಿ ಮಣ್ಣು ಏಣಿ ಹತ್ತುತ್ತದೆ, ಅದರಲ್ಲಿ ಅರ್ಧ ಅವರದೇ ತಲೆಯ ಮೇಲೆ.

ಗಂಡ ತೀರಿಕೊಂಡ ವರ್ಷ ಅತ್ತೆ ಕಲಿಸಿದ ಕೆಲಸವಿದು. ನಡುವೆ ಊರಿಗೆ ಊರೇ ಆರ್‌ಸಿಸಿ ಆದಾಗ ಕರೆಯುವವರಿಲ್ಲದೆ ಎಂಟು ವರ್ಷ ಹತ್ತಿ ಬಿಡಿಸಿದರು. ಈಗ ಆ ಮನೆಗಳಲ್ಲಿ ಬೆಂದವರು ಹುಡುಕಿಕೊಂಡು ಬರುತ್ತಿದ್ದಾರೆ. "ಒಲಿ ಮ್ಯಾಲ ಕುಂತಂಗ ಆಗತದಂತ. ಈಗ ನನ್ನ ನೆಪ್ಪಾಗೇತಿ ಎಲ್ಲಾರಿಗೂ" ಎಂದು ನಗುತ್ತಾರೆ.

ಹಾಗೆ ಮೊದಲು ಬಂದವರು ಮಸ್ಕಿಯ ನರ್ಸ್ ಅಂಬಿಕಾ. ಕಳೆದ ವರ್ಷ ಅವರು ಕಟ್ಟಿಸಿದ ಹೊಸ ಮನೆಯಲ್ಲೇ ಮುನ್ನಿಬೀ ಎಡವಿದ್ದು. ಅದು ರಂಜಾನ್ ತಿಂಗಳು. ರೋಜಾ ಹಿಡಿದವರು ಬಾಯಿಗೆ ಮಣ್ಣು ಹಾಕಿಕೊಳ್ಳುವುದು ಹೇಗೆ? ಮಣ್ಣು ಹೇರುವ ಟ್ರ್ಯಾಕ್ಟರಿನ ಯಂಕೋಬನೋ ಒಂದೇ ಸಮ ಅವಸರ ಮಾಡುತ್ತಿದ್ದ. ಹಾಗಾದರೆ ನೀನೇ ನೋಡಪ್ಪ ಎಂದರು. ಮೂವತ್ತು ವರ್ಷ ತಂಬಾಕು ಜಗಿದ ಬಾಯಿ ಅವನದು. "ಭಾರಿ ಅದ ಚಾಚಿ, ಉಪ್ಪಂದ್ರ ಉಪ್ಪು!" ಎಂದುಬಿಟ್ಟ. ಜೂನ್ ಮಳೆಗೆ ಅಂಬಿಕಾ ಅವರ ನಡುಮನೆ ಸೋರಿತು. ಮಾಳಿಗೆಯ ಮೇಲೆ ಹಸಿರು ಹುಲ್ಲು ಬೇರೆ ಎದ್ದಿತು.

"ಯಂಕೋಬಂದು ತಪ್ಪಿಲ್ರಿ. ಸಂಜೀಮಟ ತಡದು, ರೋಜಾ ಬಿಟ್ಟಮ್ಯಾಲ ನಾನ ನೋಡಬೇಕಿತ್ತು. ನಾಲಿಗಿ ಅವಂದು, ಒಪ್ಪಿಗಿ ನಂದು" ಎನ್ನುತ್ತಾರೆ. ಈ ಬೇಸಿಗೆಯಲ್ಲಿ ಹಳೆಯ ಪದರ ಕೆತ್ತಿ ತೆಗೆದು, ಹನ್ನೊಂದು ದಿನ ದುಡಿದು, ಕೂಲಿಯ ಮಾತೆತ್ತದೆ ಹೊಸದಾಗಿ ಹಾಸಿಕೊಟ್ಟಿದ್ದಾರೆ. ಇಂಥವರನ್ನು ಕಂಡರೆ ನನಗೆ ಸುಮ್ಮನೆ ಪ್ರೀತಿ ಉಕ್ಕುತ್ತದೆ.

ಹೊರಗೆ ನಲವತ್ತೆರಡು ಡಿಗ್ರಿ ಇದ್ದ ದಿನ ಅಂಬಿಕಾ ಅವರ ಗೋಡೆಯ ಮಾಪಕ ಮೂವತ್ತಮೂರು ತೋರಿಸಿದೆ. "ತಂಪಿನ ಬಗ್ಗೆ ಎರಡು ಮಾತಿಲ್ರಿ. ಆದ್ರ ಇನ್ನೊಮ್ಮೆ ಸೋರಿದ್ರ ಸ್ಲ್ಯಾಬ್ ಹಾಕಸ್ತೀನಿ ಚಾಚಿ" ಎಂದು ಅವರು ಮುಖದ ಮೇಲೆಯೇ ಹೇಳಿದ್ದಾರೆ. ಲಿಂಗಸುಗೂರಿನ ಎರಡು ಮನೆಯವರು, ಸಿಂಧನೂರಿನ ಒಬ್ಬ ಮೇಷ್ಟ್ರು ಕೂಡ ಈ ಮಾಳಿಗೆಯ ಮೊದಲ ಮಳೆ ನೋಡಿ ಮುಂದಿನ ಮಾತು ಎಂದಿದ್ದಾರೆ. "ಇದೂ ಸೋರಿದ್ರ ಮುಗೀತ್ರಿ. ಮತ್ತ ಹತ್ತಿ ಹೊಲಾನ" ಎನ್ನುವಾಗ ಮುನ್ನಿಬೀ ನಗುವುದಿಲ್ಲ.

ಮೇ ಕೊನೆಯ ವಾರ, ಮಧ್ಯಾಹ್ನ. ಮಸ್ಕಿಯ ಕಡೆ ಮೋಡ ಕಟ್ಟಿದ್ದು ಕಂಡು ಮುನ್ನಿಬೀ ಬಸ್ಸು ಹತ್ತುತ್ತಾರೆ. ಜೊತೆಗೆ ನಾನೂ. ಅಂಬಿಕಾ ಆಗಲೇ ಟಿವಿಗೆ ಪ್ಲಾಸ್ಟಿಕ್ ಹೊದಿಸಿ, ನಡುಮನೆಯಲ್ಲಿ ಎರಡು ಬಕೆಟ್ ಇಟ್ಟಿದ್ದಾರೆ. ಅದನ್ನು ಕಂಡು ನನಗೇ ಒಂಥರಾ ಆಗುತ್ತದೆ. ಮುನ್ನಿಬೀ ಗೋಡೆಗೆ ಒರಗಿ ಕೂತು ಮೇಲೆ ನೋಡುತ್ತಾರೆ.

ಮಳೆ ಧೋ ಎಂದು ಸುರಿಯುತ್ತದೆ. "ಚಾ ಕುಡೀರಿ ಚಾಚಿ" ಎಂದರೆ "ತಡೀರಿ ಸಿಸ್ಟರ್" ಎನ್ನುತ್ತಾರೆ. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದರೂ ಅದೇ ಉತ್ತರ. ಮಳೆ ನಿಂತ ಮೇಲೂ ಏಳುವುದಿಲ್ಲ. ಮಣ್ಣು ಕುಡಿದ ನೀರು ಕೆಳಗಿಳಿಯಲು ಹೊತ್ತು ಬೇಕಂತೆ. ಕಾಲು ಗಂಟೆ ಹೋಗುತ್ತದೆ. ಬಕೆಟ್‌ಗಳು ಒಣಗಿಯೇ ಇವೆ. ಅಂಬಿಕಾ ಎರಡನ್ನೂ ಎತ್ತಿ ಬಚ್ಚಲಿಗೆ ಒಯ್ದಿಡುತ್ತಾರೆ.

ಮುನ್ನಿಬೀ ಸೆರಗಿನಿಂದ ಮುಖ ಒರೆಸಿಕೊಂಡು ಕಾಲು ಚಾಚುತ್ತಾರೆ.

"ಈಗ ಕೊಡ್ರಿ ಚಾ. ಸಕ್ರಿ ಒಂದೀಟು ಜಾಸ್ತಿ ಇರಲಿ."