ನನ್ನ ಕಡೆ ನೋಡಬೇಡ

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಪ್ರತಿ ಭಾನುವಾರ ಅವಳನ್ನು ಪಿರಿಯಾಪಟ್ಟಣದಿಂದ ಹುಣಸೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲೊಬ್ಬ ಮೇಷ್ಟ್ರು ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. ಕೋಳಿ ಹಾಗೆ ನಡೆಸುತ್ತಿದ್ದರು, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಕೂಗಿಸುತ್ತಿದ್ದರು. ಉಳಿದ ಆರು ದಿನದ ಅಭ್ಯಾಸ ನನ್ನ ಜೊತೆ. ಹುರುಳಿಕಾಯಿ ಮುರಿಯುತ್ತ ಕೂತರೆ ಕರಡಿಯೂ ನಾನೇ, ಪೊಲೀಸೂ ನಾನೇ. ಅವಳು ನನ್ನ ಮುಖ ನೋಡಿಕೊಂಡೇ ಮಾತು ಒಪ್ಪಿಸುತ್ತಿದ್ದಳು.

ಮೇಷ್ಟ್ರ ಮೂಲಕ ಸಿನಿಮಾದವರು ಬಂದು ಅವಳನ್ನು ಆರಿಸಿದರು. ಹೊಗೆಸೊಪ್ಪು ಬೆಳೆಯುವವರ ಮನೆಯ ಹುಡುಗಿಯ ಪಾತ್ರ. ನಮ್ಮದೂ ಅದೇ ಬೆಳೆ. ಗಾವಡಗೆರೆ ಹತ್ತಿರ ಸೊಪ್ಪು ಬೇಯಿಸುವ ಒಂದು ಬ್ಯಾರನ್ ಮುಂದೆ ಶೂಟಿಂಗ್. ತಾಯಿಯ ಪಾತ್ರದಾಕೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂತಿರುತ್ತಾರೆ. ಇವಳು ತಟ್ಟೆ ತಂದಿಟ್ಟು, "ಉಣ್ಣವ್ವ, ಆರೋಯ್ತದೆ" ಅಂದು ಹೋಗಬೇಕು. ಅಷ್ಟೇ.

ತಟ್ಟೆ ಇಟ್ಟವಳು ಆ ಮಾತನ್ನು ನನ್ನ ಕಡೆ ತಿರುಗಿ ಹೇಳಿದಳು. ಎರಡನೇ ಸಲವೂ ಹಾಗೇ.

"ಇನ್ನೊಂದು ಸಲ ಹಿಂಗಾದ್ರೆ ಮೈಸೂರಿನ ಹುಡುಗೀನ ಕರೆಸ್ತೀವಮ್ಮ," ಅಂದ ಸಹಾಯಕ ನಿರ್ದೇಶಕ. "ನೀವೇ ಹೀರೋಯಿನ್ ಅಂದ್ಕೊಂಡವ್ಳೆ!" ಎಲ್ಲ ನಕ್ಕರು.

ಅವಳನ್ನು ಬ್ಯಾರನ್ ಹಿಂದಕ್ಕೆ ಕರೆದೊಯ್ದೆ. "ನನ್ನ ಕಡೆ ನೋಡಬೇಡ ಕಣವ್ವ. ಅಲ್ಲಿ ಕೂತವ್ರೇ ನಿಮ್ಮವ್ವ."

"ಮತ್ತೆ ನೀನು?"

"ನಾನಿಲ್ಲ ಅನ್ಕೋ."

"ಎಲ್ಲಿಗೋಗಿದ್ದೀಯ ಅನ್ಕೊಳ್ಳಲಿ?"

"ಸಂತೆಗೆ."

ಒಪ್ಪಿದಳು.

ಈ ಸಲ ಆಕೆಯ ಮುಖ ನೋಡಿಕೊಂಡೇ ಮಾತು ಹೇಳಿದಳು. ಆದರೆ ಹೋಗಬೇಕಾದವಳು ಹೋಗದೆ ಆಕೆಯ ಕೈ ನೋಡಿದಳು. ಸೊಪ್ಪು ಕಟ್ಟಿದ ಕೈಗೆ ಕರೀ ಅಂಟು ಹತ್ತಿ, ಎಷ್ಟು ತೊಳೆದರೂ ಕಹಿ. ಸೊಪ್ಪು ಕಟ್ಟುವ ದಿನಗಳಲ್ಲಿ ಮನೆಯಲ್ಲಿ ನನಗೆ ಉಣ್ಣಿಸುತ್ತಿದ್ದವಳು ಅವಳೇ. ಇಲ್ಲೂ ಹಾಗೇ ಕುಕ್ಕರುಗಾಲಲ್ಲಿ ಕೂತು, ಮುದ್ದೆ ಮುರಿದು, ಸಾರಿಗೆ ಅದ್ದಿ ಆಕೆಯ ಬಾಯಿಗಿಟ್ಟಳು. ಪೇಟೆಯ ಹೆಂಗಸು, ಅಗಿಯತೊಡಗಿದರು.

"ಅಗೀಬ್ಯಾಡ, ನುಂಗವ್ವ," ಅಂದಳು ಇವಳು.

ಬರೆದುಕೊಟ್ಟದ್ದರಲ್ಲಿ ಇದ್ಯಾವುದೂ ಇರಲಿಲ್ಲ. ನಿರ್ದೇಶಕರು ಸುಮಾರು ಹೊತ್ತು ಕಟ್ ಅನ್ನಲಿಲ್ಲ. ಆಮೇಲೆ ಚಪ್ಪಾಳೆ. ಸಿನಿಮಾ ಬಂದ ಮೇಲೆ ಜನ ಅವಳನ್ನು ಗುರುತು ಹಿಡಿದದ್ದೂ ಅದೇ ದೃಶ್ಯದಿಂದ.

ಅವತ್ತು ಚಪ್ಪಾಳೆ ಮುಗಿದ ಮೇಲೆ ಅವಳು ಆಕೆಯ ತೊಡೆಯ ಮೇಲೆ ಕೂತು ತನ್ನನ್ನು ತಾನೇ ಮಾನಿಟರಿನಲ್ಲಿ ನೋಡಿ ನಗುತ್ತಿದ್ದಳು. ನಾನು ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದೆ. ಈಗ ಅವಳು ನನ್ನ ಕಡೆ ನೋಡಬಹುದಿತ್ತು. ಒಂದು ಸಲವೂ ಇತ್ತ ತಿರುಗಲಿಲ್ಲ.

ಸಹಾಯಕ ಬಂದು, "ನಾಳೆಯಿಂದ ಕಾರು ಕಳಿಸ್ತೀವಿ, ಜೊತೇಲಿ ಅವರಜ್ಜಿ ಬರ್ಲಿ," ಅಂದ. "ಬೇಜಾರು ಮಾಡ್ಕೋಬೇಡಿ, ನೀವಿಲ್ದಿದ್ರೇ ಚೆನ್ನಾಗಿ ಮಾಡ್ತಾಳೆ."

ಆಗಲಿ ಅಂದೆ. ಮಧ್ಯಾಹ್ನ ಮೊಸರು ಹಾಕಬೇಡಿ, ಕೆಮ್ಮುತ್ತಾಳೆ ಅಂತ ಮಾತ್ರ ಹೇಳಿದೆ.