ನಲವತ್ತು ನಂಜಪ್ಪನ್ ಟವೆಲ್ಲುಗಳು

ಸಿಂಗಾನಲ್ಲೂರಿನ ಸೋಮಸುಂದರಂ ಓದಿದ್ದೇನೋ ಬೇಕಾದಷ್ಟು. ತಲೆಗೆ ಹತ್ತದಿದ್ದದ್ದು ಕಂಪ್ಯೂಟರಿನ ಒಂದೇ ಪಾಠ. 1987ರ ಆ ಸೋಮವಾರ ಪ್ರಿನ್ಸಿಪಾಲರ ಮುಂದೆ ಅದನ್ನೇ ಕಲಿಸಿ ತೋರಿಸಬೇಕಿತ್ತು. ಗೆದ್ದರೆ ಕಾಲೇಜಿನಲ್ಲಿ ಕೆಲಸ ಖಾಯಂ, ಸೋತರೆ ಮನೆಯ ಮಗ್ಗವೇ ಗತಿ. ಮಗ್ಗದಲ್ಲಿ ಅವನ ಕೈ ಎಂಥದೆಂದು ಗೊತ್ತಿದ್ದವರೆಲ್ಲ ಅವನಿಗೆ ಕೆಲಸ ಸಿಗಲೆಂದು ಹರಕೆ ಹೊತ್ತಿದ್ದರು.

ಭಾನುವಾರ ಬೆಳಿಗ್ಗೆ ಪುಸ್ತಕ ಹಿಡಿದು ಗೊಣಗುತ್ತಿದ್ದ: "ಆಬ್ಜೆಕ್ಟು ಹೇಗಿರಬೇಕೆಂದು ಹೇಳುವುದು ಕ್ಲಾಸು. ಕ್ಲಾಸೂ ಒಂದು ಆಬ್ಜೆಕ್ಟು, ಅದು ಹೇಗಿರಬೇಕೆಂದು ಹೇಳುವುದು ಮೆಟಾಕ್ಲಾಸು... ಅಯ್ಯೋ ಮುರುಗಾ!"

ತಾಯಿ ಸೆಲ್ಲಮ್ಮ ಮಗ್ಗದ ಅಟ್ಟೆಗಳಲ್ಲಿ, ಅಂದರೆ ರಟ್ಟಿನ ಪಟ್ಟಿಗಳಲ್ಲಿ, ತೂತು ಹೊಡೆಯುವುದಕ್ಕೆ ಇಡೀ ಬೀದಿಯಲ್ಲಿ ಹೆಸರಾದವಳು. ಸರವಾಗಿ ಹೊಲಿದ ಆ ಅಟ್ಟೆಗಳ ತೂತು ನೋಡಿಯೇ ಮಗ್ಗ ಟವೆಲ್ಲಿನ ಅಂಚಿಗೆ ಹೂ ನೇಯುತ್ತಿತ್ತು. "ಅಡೇ, ನಂಜಪ್ಪ ಮಾಮನ ಟವೆಲ್ಲಿಗೆ ಅವರ ಹೆಸರಿನ ಅಟ್ಟೆ ಸೇರ್ಸು. ಅದೊಂದಕ್ಕೆ ಮಾತ್ರಾ!" ಎಂದಳು. ಸೆಲ್ಲಮ್ಮನ ಮಗಳ ಮದುವೆ ಹತ್ತಿರವಾಗಿತ್ತು. ಸೋದರಮಾವನಿಗೆ ಹೆಸರು ನೇಯ್ದ ಟವೆಲ್ ಹೊದಿಸುವುದು ಅವರ ಮನೆಯ ಪದ್ಧತಿ.

ಪುಸ್ತಕದ ಮೇಲೆ ಕಣ್ಣಿಟ್ಟೇ ಸೋಮಸುಂದರಂ ಆ ಅಟ್ಟೆಗಳನ್ನು ಎಲ್ಲ ಟವೆಲ್ಲಿಗೂ ಓಡುವ ದೊಡ್ಡ ಸರಕ್ಕೇ ಹೊಲಿದುಬಿಟ್ಟ. ಸಂಜೆ ನೋಡಿದರೆ, ಮದುಕ್ಕರೈಯ ಹೋಟೆಲಿನವರು ಕೇಳಿದ್ದ ನಲವತ್ತು ಟವೆಲ್ಲಿನಲ್ಲೂ ಮಾಮನ ಹೆಸರು, ನಂಜಪ್ಪನ್!

"ಇಡ್ಲಿ ತಿಂದೋರೆಲ್ಲ ನನ್ನ ತಮ್ಮನ ಹೆಸರಲ್ಲಿ ಮೂತಿ ಒರೆಸ್ಕೋಬೇಕಾ?" ಸೆಲ್ಲಮ್ಮ ಹಣೆ ಚಚ್ಚಿಕೊಂಡಳು. "ಒಂದು ಟವೆಲ್ಲಿಗೆ ಬೇಕಂದ್ರೆ ಚಿಕ್ಕ ಸರ ಬೇರೆ ಮಾಡಿ, ಅದೊಂದಕ್ಕೇ ಕಟ್ಟೋದು. ಎಲ್ಲರ ಸರಾನ ಯಾಕ್ಡಾ ಮುಟ್ಟಿದೆ?"

ಬೈಗುಳ ಕೇಳುತ್ತಲೇ ಸೋಮಸುಂದರಂ ಕುಣಿದಾಡಿದ. ಟವೆಲ್ಲು ಆಬ್ಜೆಕ್ಟು, ದೊಡ್ಡ ಸರ ಕ್ಲಾಸು, ಮಾಮನೊಬ್ಬನ ಚಿಕ್ಕ ಸರ ಒಂದೇ ಆಬ್ಜೆಕ್ಟಿಗೆ ಮೀಸಲಾದ ಸಿಂಗಲ್‌ಟನ್ ಕ್ಲಾಸು! ಸರವೂ ಒಂದು ವಸ್ತುವೇ; ಅದು ಹೇಗಿರಬೇಕೆಂದು ಹೇಳುವುದು ಅಮ್ಮ ಚೌಕದ ಕಾಗದದಲ್ಲಿ ಬರೆದ ನಕ್ಷೆ. ಒಂದೊಂದು ಸರಕ್ಕೂ ಅದರದೇ ನಕ್ಷೆ. ಅದೇ ಮೆಟಾಕ್ಲಾಸು! ಮಗನಿಗೆ ತಲೆ ಕೆಟ್ಟಿತೆಂದು ಸೆಲ್ಲಮ್ಮನಿಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಟವೆಲ್ಲುಗಳ ಗಂಟು ಹೊತ್ತು ಕಾಲೇಜಿಗೆ ಹೋದ. ಪಾಠ ಸರಾಗವಾಗಿ ಸಾಗಿತು. ಕೊನೆಗೆ ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ನಕ್ಷೆಗೂ ಒಂದು ನಕ್ಷೆ, ಅದಕ್ಕೂ ಇನ್ನೊಂದು... ಇದು ಎಲ್ಲಿ ನಿಲ್ಲುತ್ತದಪ್ಪಾ?"

ಸೋಮಸುಂದರಂ ಕೈಯಲ್ಲಿದ್ದ ಟವೆಲ್ಲನ್ನು ಮಡಚಿಟ್ಟ. "ಪುಸ್ತಕದಲ್ಲಿ ಸುತ್ತಿ ಬಳಸಿ ತನ್ನಲ್ಲಿಗೇ ಬರುತ್ತೆ ಸಾರ್," ಎಂದ. "ನಮ್ಮ ಮನೆಯಲ್ಲಿ ಅಮ್ಮನ ಹತ್ತಿರ ನಿಲ್ಲುತ್ತೆ. ಅವರ ಮೇಲೆ ಯಾರೂ ಇಲ್ಲ."

ಪ್ರಿನ್ಸಿಪಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೆಲಸ ಖಾಯಂ. ಆದರೆ ಮುಂದಿನ ಪಾಠಕ್ಕೆ ಅವರನ್ನೇ ಕಳಿಸು," ಎಂದರು.